ನೆರಳನ್ನೇ ನಂಬಿದ ಚಿಟ್ಟೆಗಳು

ಪಶ್ಚಿಮ ಘಟ್ಟಗಳಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಕಾಡು ಒಂದೇ ಆದರೂ ಅವುಗಳ ಮನೆ ಬೇರೆ ಬೇರೆ. ಮಲಬಾರ್ ಟ್ರೀ ನಿಂಫ್ ದಟ್ಟ ನಿತ್ಯಹರಿದ್ವರ್ಣ ಕಾಡಿನ ಮರಗಳ ನಡುವೆ ಮೆಲ್ಲಗೆ ತೇಲುತ್ತದೆ. ಬುಷ್ ಬ್ರೌನ್‌ಗಳು ನೆಲಕ್ಕೆ ಹತ್ತಿರ, ಕೊಳೆತ ಹಣ್ಣಿನ ಸುತ್ತ ಇರುತ್ತವೆ. ಹೊಳೆಯಂಚಿನ ಒದ್ದೆ ಮರಳಿನಲ್ಲಿ ಗಂಡು ಚಿಟ್ಟೆಗಳು ಗುಂಪಾಗಿ ಕುಳಿತು ಲವಣಾಂಶ ಹೀರುತ್ತವೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಕೆಲವೇ ಗಿಡಗಳ ಮೇಲೆ.

ನಡೆಯುವ, ಹಾರುವ ಜೀವಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅಲ್ ಅನ್‌ಆಮ್ ತಿಳಿಸುತ್ತದೆ. ಪ್ರತಿ ಸಮುದಾಯಕ್ಕೂ ಅಲ್ಲಾಹನು ಅನ್ನ, ಆಸರೆ ನಿಗದಿಪಡಿಸಿದ್ದಾನೆ. ಕಾಡು ಕಡಿದಾಗ ಬಿಸಿಲು ಬೀಳುತ್ತದೆ, ಎಲ್ಲೆಡೆ ಬದುಕಬಲ್ಲ ಚಿಟ್ಟೆಗಳು ಬರುತ್ತವೆ. ಎಣಿಸಿದರೆ ಲೆಕ್ಕ ಹೆಚ್ಚಾಗಿಯೂ ಕಾಣಬಹುದು. ಆದರೆ ನೆರಳನ್ನೇ ನಂಬಿದವು ಹೋಗಿರುತ್ತವೆ. ಅವಕ್ಕೆ ಬೇರೆ ಊರಿಲ್ಲ.

ಕಳೆದ ವರ್ಷ ನಾವು ಖಬರ್‌ಸ್ತಾನದ ಕಳೆಗೆ ಔಷಧಿ ಹೊಡೆಸಿದೆವು. ಬೇಲಿಯ ಬಳ್ಳಿಗಳೂ ಒಣಗಿದವು. ಒಪ್ಪಿಗೆ ಕೊಟ್ಟವರಲ್ಲಿ ನಾವೂ ಇದ್ದೆವು. ಆಮೇಲೆ ಮದ್ರಸಾದ ಮಕ್ಕಳು, "ಉಸ್ತಾದ್, ದೊಡ್ಡ ಚಿಟ್ಟೆ ಈಗ ಯಾಕೆ ಬರುವುದಿಲ್ಲ?" ಎಂದು ಕೇಳಿದಾಗ ತಲೆ ತಗ್ಗಿಸಬೇಕಾಯಿತು.

ಈ ವರ್ಷ ದಾರಿ ಮತ್ತು ಖಬರ್‌ಗಳ ಸುತ್ತ ಮಾತ್ರ ಕತ್ತಿಯಿಂದ ಸವರೋಣ, ಬೇಲಿಯನ್ನು ಬಳ್ಳಿಗೆ ಬಿಡೋಣ. ತೋಟವಿರುವವರು ತೋಡಿನ ಅಂಚಿನ ಮರಗಳನ್ನು ಉಳಿಸಲಿ. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ಒಡೆಯನು ಅದರ ಲೆಕ್ಕ ಕೇಳುವನು. ಆ ದಿನ ನಮ್ಮನ್ನು ಅವನು ಅಪಮಾನದಿಂದ ಕಾಪಾಡಲಿ, ಆಮೀನ್.