ಅಂತರ್ಜಾಲ ಸಂಪರ್ಕ ಕೈಕೊಟ್ಟಾಗ



1995ರ ಆಗಸ್ಟ್ 15ರಂದು ಮುಂಬಯಿ, ದೆಹಲಿ ಮೊದಲಾದ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೂರವಾಣಿ ತಂತಿಯ ಮೂಲಕ ದೊರೆಯಿತು. ಇಂದು ಅನೇಕ ಮನೆಗಳಿಗೆ ಅದು ಗಾಜಿನ ಎಳೆಯಲ್ಲಿ ಹರಿದುಬರುತ್ತಿದೆ. ನಿವೃತ್ತರು ಜೀವನ ಪ್ರಮಾಣಪತ್ರವನ್ನು ಮನೆಯಿಂದಲೇ ಸಲ್ಲಿಸುವ ನವೆಂಬರ್ ತಿಂಗಳಿನಲ್ಲಿ ಸಂಪರ್ಕ ಕಡಿದರೆ ಪಿಂಚಣಿಗೇ ತೊಡಕಾದೀತು.

ಮೊದಲು ರೌಟರ್ ಪೆಟ್ಟಿಗೆಯ ದೀಪಗಳನ್ನು ಗಮನಿಸಬೇಕು. ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಎಳೆಯು ಮಡಿಚಿದೆ ಅಥವಾ ತುಂಡಾಗಿದೆ. ಕಂಪ್ಯೂಟರನ್ನು ಬಿಚ್ಚಿ ಫಲವಿಲ್ಲ. ಮೊಬೈಲ್ ಡೇಟಾ ನಿಲ್ಲಿಸಿದ ಬಳಿಕವೂ ಫೋನಿನಲ್ಲಿ ಅದೇ ವೈಫೈ ನಡೆಯುತ್ತಿದ್ದರೆ ದೋಷ ಬಹುಮಟ್ಟಿಗೆ ಕಂಪ್ಯೂಟರಿನದು. ಅದರ ಐಪಿ ವಿಳಾಸ 169.254 ಎಂದು ಆರಂಭವಾದರೆ ರೌಟರಿನಿಂದ ಅದಕ್ಕೆ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು. ರೌಟರನ್ನು ಆರಿಸಿ ಮತ್ತೆ ಹಾಕುವುದರಿಂದ ಇದು ಹಲವು ಬಾರಿ ಸರಿಹೋಗುತ್ತದೆ.

ಎಲ್ಲವೂ ಸರಿಯಿದ್ದು ಬ್ಯಾಂಕಿನ ತಾಣ ಮಾತ್ರ ತೆರೆಯದಿರುವುದುಂಟು. ಆಗ ಗಡಿಯಾರವನ್ನು ನೋಡಿರಿ. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಾಕಾರದ ಬ್ಯಾಟರಿ ಬರಿದಾದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ಹಾಗೂ ಮುಕ್ತಾಯದ ದಿನಗಳಿರುವುದರಿಂದ, ತಪ್ಪು ದಿನಾಂಕದ ಯಂತ್ರಕ್ಕೆ ಅದು ಸಿಂಧುವಾಗಿ ಕಾಣದು. ಅಲ್ಪ ಬೆಲೆಯ ಈ ಬ್ಯಾಟರಿಗಾಗಿ ಇಡೀ ಕಂಪ್ಯೂಟರನ್ನೇ ಮಾರಿದವರಿದ್ದಾರೆ!

ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದಲೇ ತೆಗೆದುಕೊಳ್ಳಿರಿ. ಹುಡುಕುತಾಣದಲ್ಲಿ ಸಿಕ್ಕ ಸಂಖ್ಯೆಗಳಲ್ಲಿ ವಂಚಕರದೂ ಇರುತ್ತವೆ. ನಿಮ್ಮ ಪರದೆಯನ್ನು ತಮಗೆ ಕಾಣಿಸುವ ತಂತ್ರಾಂಶವನ್ನು ಹಾಕಿಸಿ, ಖಾತೆಯನ್ನು ಬರಿದುಮಾಡುವುದು ಅವರ ರೀತಿ. ಹಾಗಾದಲ್ಲಿ ತಡಮಾಡದೆ 1930ಕ್ಕೆ ಕರೆಮಾಡಿರಿ.