ನಿರಾಶ್ರಿತರ ಸೇವೆ: ಎರಡು ಶಿಬಿರಗಳ ವೃತ್ತಾಂತ



ಈ ಮಹೋತ್ಸವದ ಸಭೆಯಲ್ಲಿ ನಿರಾಶ್ರಿತರ ಸೇವೆಯನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ನನಗೆ ಅಪ್ಪಣೆಯಾಗಿರುವುದು. ದಾಸೋಹದ ಪಂಕ್ತಿಯನ್ನು ನಿತ್ಯವೂ ಕಾಣುವ ತಮಗೆ ಅನ್ನವಿಕ್ಕುವುದರ ಹಿರಿಮೆಯನ್ನು ನಾನು ಹೇಳಬೇಕಾದುದಿಲ್ಲ. ಇಕ್ಕುವ ಕೈಗೆ ಎಂತಹ ಅರಿವು ಬೇಕೆಂಬುದನ್ನಷ್ಟೇ ತಿಳಿಸಲೆಳಸುವೆನು.

೧೯೭೧ರಲ್ಲಿ ಪೂರ್ವಬಂಗಾಳದಲ್ಲಿ ಪಾಕಿಸ್ತಾನದ ಸೈನ್ಯದ ಹಾವಳಿಗೆ ಅಂಜಿ ಸುಮಾರು ಒಂದು ಕೋಟಿ ಜನರು ಭಾರತಕ್ಕೆ ಓಡಿಬಂದರು. ಗಡಿಯ ಬನಗಾಂವ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೇ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ಲವಣಜಲವು ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಾಲನಬೀಸರು ಗ್ಲೂಕೋಸು, ಉಪ್ಪು, ಅಡಿಗೆಯ ಸೋಡಾ ಇವುಗಳನ್ನು ಅಳತೆಯರಿತು ನೀರಿನಲ್ಲಿ ಬೆರೆಸಿ, ಪೀಪಾಯಿಗಳಲ್ಲಿ ತುಂಬಿರಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಬಟ್ಟಲು ಬಟ್ಟಲಾಗಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಮನೆಯ ತಾಯಿಯೇ ಮಾಡಬಹುದಾದ ಚಿಕಿತ್ಸೆ ಎಂದಮೇಲೆ ಅದನ್ನು ನಂಬಲು ಪಂಡಿತರಿಗೇ ಸ್ವಲ್ಪ ಕಷ್ಟವಾಯಿತೆಂದರೆ ಆಶ್ಚರ್ಯವೇನು!

ಇಪ್ಪತ್ತಮೂರು ವರ್ಷಗಳ ತರುವಾಯ, ೧೯೯೪ರಲ್ಲಿ, ಆಫ್ರಿಕದ ರುವಾಂಡಾ ದೇಶದಲ್ಲಿ ಟುಟ್ಸಿ ಜನರ ಘೋರಸಂಹಾರವು ನಡೆಯಿತು. ಅದನ್ನು ನಡೆಯಿಸಿದ ಸರಕಾರವು ಸೋತೊಡನೆ, ಜುಲೈ ತಿಂಗಳ ನಾಲ್ಕೈದು ದಿನಗಳೊಳಗೆ ಐದರಿಂದ ಎಂಟು ಲಕ್ಷ ಹುಟು ಜನರು ನೆರೆಯ ಝಾಯಿರೆ, ಅಂದರೆ ಇಂದಿನ ಕಾಂಗೊ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಅಲ್ಲಿಯದು ಜ್ವಾಲಾಮುಖಿಯ ಕರಿಗಲ್ಲಿನ ನೆಲ. ಪಾಯಿಖಾನೆಯ ಗುಂಡಿಯನ್ನಾಗಲಿ, ಸತ್ತವರಿಗೆ ಕುಣಿಯನ್ನಾಗಲಿ ತೋಡುವುದು ದುಸ್ತರವಾಯಿತು. ಬಾಯಾರಿದವರು ಕಿವು ಸರೋವರದ ನೀರನ್ನು ಹಾಗೆಯೇ ಕುಡಿದರು. ಒಂದು ತಿಂಗಳಲ್ಲಿ ಹೆಚ್ಚುಕಡಿಮೆ ೫೦,೦೦೦ ಜನರು ಮಡಿದರು. ಸೇವಾಸಂಘಗಳೇನೋ ಬಹಳವಾಗಿ ಬಂದವು. ಆದರೆ ಬಂದವರಲ್ಲಿ ಅನೇಕರಿಗೆ ಕಾಲರಾ ಬೇನೆಯ ಅನುಭವವಿರಲಿಲ್ಲ. ಬನಗಾಂವಿನ ಆ ಉಪ್ಪುನೀರು ಸಾಕಷ್ಟು ಬಾಯಿಗಳನ್ನು ಮುಟ್ಟಲೇ ಇಲ್ಲ.

ಇದಕ್ಕಿಂತ ಕಠಿನವಾದ ಸಂಗತಿಯೊಂದುಂಟು. ಕೊಂದವರೂ ಆ ಗುಂಪಿನಲ್ಲಿಯೇ ಸೇರಿಕೊಂಡು ಶಿಬಿರಗಳನ್ನು ಆಳತೊಡಗಿದರು. ಧಾನ್ಯವನ್ನು ಮುಖಂಡರ ಮೂಲಕ ಹಂಚುವ ಪದ್ಧತಿಯಿದ್ದುದರಿಂದ ಅದು ಅವರ ಕೈಯ ಆಯುಧವೇ ಆಯಿತು. ಗಡಿಯಿಲ್ಲದ ವೈದ್ಯರೆಂಬ ಸಂಘದ ಫ್ರೆಂಚ್ ಶಾಖೆಯವರು ಇದನ್ನು ಸಹಿಸದೆ ಅದೇ ನವೆಂಬರಿನಲ್ಲಿ ಶಿಬಿರಗಳನ್ನು ಬಿಟ್ಟರು. ಬೇರೆ ಕೆಲವರು ಉಳಿದರು. ಹೋದವರನ್ನು ನಾನು ಹಳಿಯಲಾರೆ. ಆದರೂ ಹಸಿದ ಕೂಸು ಯಾರನ್ನು ಕೊಂದಿತ್ತು? ಇದ್ದು, ಮುಖಂಡನನ್ನು ದಾಟಿ, ಕಾಳನ್ನು ತಾಯಿಯ ಮಡಿಲಿಗೇ ಸುರಿಯುವ ದಾರಿಯನ್ನು ಹುಡುಕಬೇಕಾಗಿತ್ತೆಂದು ನನ್ನ ಮನಸ್ಸು ಹೇಳುತ್ತದೆ.

ಗೋಮಾದಲ್ಲಿ ನೊಂದ ಸಂಘಗಳು ೧೯೯೭ರಲ್ಲಿ ಕೂಡಿ ‘ಸ್ಫಿಯರ್’ ಎಂಬ ಕಟ್ಟಳೆಗಳನ್ನು ರಚಿಸಲಾರಂಭಿಸಿದವು. ತಲೆಗೆ ದಿನಕ್ಕೆ ಕಡಮೆಯೆಂದರೆ ೧೫ ಲೀಟರು ನೀರು, ಮಲಗಲು ೩.೫ ಚದರ ಮೀಟರು ಸೂರು, ಇಪ್ಪತ್ತು ಜನರಿಗೊಂದು ಪಾಯಿಖಾನೆ ಎಂದು ಅದರಲ್ಲಿ ಹೇಳಿದೆ. ಆ ಪಾಯಿಖಾನೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಅಗಣಿಯಿರಬೇಕೆಂಬ ಮಾತೂ ಇದೆ. ಯಾವಳೋ ಹೆಣ್ಣುಮಗಳ ಸಂಕಟವನ್ನು ಕೇಳಿಯೇ ಬರೆದುದಿರಬೇಕು.

ಇಷ್ಟನ್ನು ಅರಿಕೆ ಮಾಡಿ ಕುಳಿತುಕೊಳ್ಳುವೆನು.