ಹಳೆಯ ದಫ್ತರ, ಹೊಸ ಗಣಕ



ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಒಂದು ಹಳೆಯ ಒಡ್ಡು ಇದೆ. ಅದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ್ದು. ಮುಂದೆ 1970ರ ದಶಕದಲ್ಲಿ ಅದರ ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ, ದೊಡ್ಡ ಜಲಾಶಯವೇ ತಲೆಯೆತ್ತಿತು. ಆದರೂ ಧುಪದಾಳದ ಒಡ್ಡಿನ ಕೆಲಸ ಮುಗಿಯಲಿಲ್ಲ. ಹಿಡಕಲ್ಲಿನಿಂದ ನದಿಗೆ ಬಿಟ್ಟ ನೀರನ್ನು ಎಡದಂಡೆ ಕಾಲುವೆಗೆ ತಿರುಗಿಸುವುದು ಅದೇ ಒಡ್ಡು. ಹೊಸ ವ್ಯವಸ್ಥೆಯೊಳಗೆ ಹಳೆಯದೂ ದುಡಿಯಬಲ್ಲದು. ಆದರೆ ಅದರ ಒಳಹೊರಗನ್ನು ಬಲ್ಲವರು ಇರಬೇಕು. ಗಣಕಯಂತ್ರದ ಲೋಕದಲ್ಲೂ ಈ ಮಾತು ನಿಜ.

ಒಂದು ಹಳ್ಳಿಯ ಪತ್ತಿನ ಸೊಸೈಟಿ ಇದೆ ಎಂದಿಟ್ಟುಕೊಳ್ಳೋಣ. ಕಬ್ಬು ಬೆಳೆಯುವ ರೈತರ ಸಾಲ, ಷೇರು, ಠೇವಣಿಗಳ ಲೆಕ್ಕವನ್ನು 1990ರ ದಶಕದಿಂದ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇಡಲಾಗಿದೆ. ಅದು ಓಡುತ್ತಿದ್ದದ್ದು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಯಂತ್ರ ಕೆಟ್ಟಿತು, ಹೊಸದನ್ನು ತಂದರು. ಹೊಸ ಯಂತ್ರದಲ್ಲಿ ಹಳೆಯ ತಂತ್ರಾಂಶ ತೆರೆಯಲೊಲ್ಲದು. ಈಗ ಸೊಸೈಟಿಯ ಸೆಕ್ರೆಟರಿ ಏನು ಮಾಡಬೇಕು?

ಮೊದಲು ತೊಡಕಿನ ಮೂಲವನ್ನು ತಿಳಿಯೋಣ. ತಂತ್ರಾಂಶವು ಯಂತ್ರದೊಡನೆ ನೇರವಾಗಿ ಮಾತನಾಡುವುದು ಅಪರೂಪ. ಕಡತ ತೆರೆ, ಪರದೆಯ ಮೇಲೆ ಬರೆ, ಮುದ್ರಿಸು ಎಂದು ಅದು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿಕೊಳ್ಳುತ್ತದೆ. ಕೇಳುವ ರೀತಿ ಹಳೆಯದಾಗಿ, ಕೇಳಿಸಿಕೊಳ್ಳುವವರು ಹೊಸಬರಾದರೆ ಮಾತು ನಿಲ್ಲುತ್ತದೆ. 64 ಬಿಟ್‌ನ ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶಗಳನ್ನು ಓಡಿಸುವ ಭಾಗವೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ.

ವೇಗವೂ ಒಮ್ಮೊಮ್ಮೆ ಶತ್ರುವಾಗುತ್ತದೆ. ಫಾಕ್ಸ್‌ಪ್ರೊದ ಹಳೆಯ ಆವೃತ್ತಿಗಳು ಆರಂಭವಾಗುವಾಗ ಒಂದು ಸಣ್ಣ ಎಣಿಕೆ ಮಾಡಿ, ಅದಕ್ಕೆ ಹಿಡಿದ ಕಾಲದಿಂದ ಯಂತ್ರದ ವೇಗವನ್ನು ಅಳೆಯುತ್ತಿದ್ದವು. ಯಂತ್ರಗಳು ಚುರುಕಾದಂತೆ ಆ ಕಾಲ ಸೊನ್ನೆಯಾಯಿತು. ಸೊನ್ನೆಯಿಂದ ಭಾಗಿಸಲು ಬಾರದೆಂದು ನಿಮಗೆ ಗೊತ್ತು. ತಂತ್ರಾಂಶ ಅಲ್ಲಿಯೇ ಕುಸಿಯಿತು! ಇದನ್ನು ಸರಿಪಡಿಸಲು ಮೈಕ್ರೋಸಾಫ್ಟ್ ಕಂಪನಿ ಒಂದು ತೇಪೆಯನ್ನು ಹೊರತರಬೇಕಾಯಿತು.

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಓಡುವುದು ಬೇರೆ, ಬೆಂಬಲ ಇರುವುದು ಬೇರೆ. ವಿಷುಯಲ್ ಫಾಕ್ಸ್‌ಪ್ರೊ 9ಕ್ಕೆ ಕಂಪನಿಯ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಆದರೆ ಅದು 32 ಬಿಟ್‌ನ ತಂತ್ರಾಂಶವಾದ್ದರಿಂದ ಅನಂತರ ಬಂದ ವಿಂಡೋಸ್‌ಗಳಲ್ಲೂ ಓಡುತ್ತದೆ. ಓಡುತ್ತದೆ ಎಂದರೆ ಇಂದು ನಡೆಯುತ್ತದೆ ಎಂದಷ್ಟೇ. ನಾಳೆ ನಿಂತರೆ ಕೇಳುವವರಿಲ್ಲ. ‘ನಡೆಯುತ್ತಿದೆಯಲ್ಲ’ ಎಂದು ಸುಮ್ಮನಿರುವುದೇ ದೊಡ್ಡ ಅಪಾಯ.

ಡಾಸ್ ತಂತ್ರಾಂಶಕ್ಕೂ ದಾರಿ ಇದೆ. ಹೊಸ ಗಣಕದೊಳಗೆ ಹಳೆಯ ಗಣಕದ ವೇಷ ಹಾಕುವ ತಂತ್ರಾಂಶಗಳಿವೆ. ಡಾಸ್‌ಬಾಕ್ಸ್ ಅಂಥದೊಂದು, ಆದರೆ ಅದನ್ನು ಮುಖ್ಯವಾಗಿ ಹಳೆಯ ಆಟಗಳಿಗಾಗಿ ಮಾಡಿದ್ದು. ವರ್ಚುವಲ್ ಯಂತ್ರದಲ್ಲಿ ಹಳೆಯ ವ್ಯವಸ್ಥೆಯನ್ನೇ ಪೂರ್ತಿಯಾಗಿ ಕೂರಿಸಬಹುದು. ಹಾಗೆ ಕೂರಿಸಿದ್ದನ್ನು ಅಂತರಜಾಲಕ್ಕೆ ಜೋಡಿಸಬಾರದು. ಉದಾಹರಣೆಗೆ ವಿಂಡೋಸ್ ಎಕ್ಸ್‌ಪಿಗೆ ಸುರಕ್ಷತೆಯ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಈ ದಾರಿಗಳೆಲ್ಲ ಮಳೆಗಾಲದ ಗುಡಿಸಲಿನಂತೆ: ಮಳೆ ತಡೆಯುತ್ತವೆ, ಮನೆಯಾಗುವುದಿಲ್ಲ.

ಹಾಗಾದರೆ ಉಳಿಸಬೇಕಾದದ್ದು ಯಾವುದು? ತಂತ್ರಾಂಶವಲ್ಲ, ಅದರಲ್ಲಿರುವ ದಾಖಲೆ. ಅದೃಷ್ಟಕ್ಕೆ, ಡಿಬೇಸ್ ಮತ್ತು ಫಾಕ್ಸ್‌ಪ್ರೊ ಬಳಸಿದ ಡಿಬಿಎಫ್ ಕಡತದ ರಚನೆ ಬಹಳ ಸರಳ. ಮೊದಲ 32 ಬೈಟ್‌ಗಳಲ್ಲಿ ಎಷ್ಟು ದಾಖಲೆಗಳಿವೆ, ಒಂದೊಂದರ ಉದ್ದವೆಷ್ಟು ಎಂಬ ವಿವರ. ಬಳಿಕ ಪ್ರತಿ ಅಂಕಣಕ್ಕೂ 32 ಬೈಟ್‌ಗಳ ವಿವರಣೆ. ಆಮೇಲೆ ಸಾಲಾಗಿ ದಾಖಲೆಗಳು, ಎಲ್ಲವೂ ಒಂದೇ ಉದ್ದ. ಲಿಬ್ರೆ ಆಫೀಸ್‌ನಂಥ ಉಚಿತ ತಂತ್ರಾಂಶದಿಂದಲೂ ಇದನ್ನು ತೆರೆಯಬಹುದು. ಪ್ರೋಗ್ರಾಮಿಂಗ್ ಕಲಿತ ಕಾಲೇಜು ವಿದ್ಯಾರ್ಥಿ ತಾನೇ ಓದಿಸಬಹುದು.

ಆದರೂ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಅಳಿಸಿದ ದಾಖಲೆ. ಡಿಬಿಎಫ್‌ನಲ್ಲಿ ಅಳಿಸಿದ್ದು ತಕ್ಷಣ ಅಳಿಯುವುದಿಲ್ಲ; ಆ ಸಾಲಿನ ಮೊದಲ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೆ. ಒಬ್ಬ ರೈತನ ಸಾಲವನ್ನು ತಪ್ಪಿ ಎರಡು ಸಲ ಬರೆದು, ಒಂದನ್ನು ಅಳಿಸಿದ್ದಾರೆ ಎನ್ನಿ. ದಾಖಲೆ ವರ್ಗಾಯಿಸುವವರು ನಕ್ಷತ್ರವನ್ನು ಗಮನಿಸದಿದ್ದರೆ ಅಳಿಸಿದ ಸಾಲ ಮತ್ತೆ ಜೀವ ಪಡೆಯುತ್ತದೆ. ರೈತನ ಸಾಲ ಇಮ್ಮಡಿ!

ಎರಡನೆಯದು ಕನ್ನಡ ಅಕ್ಷರ. ಆಗಿನ ಗಣಕಗಳಲ್ಲಿ ಭಾರತೀಯ ಲಿಪಿಗಳನ್ನು ತೋರಿಸಲು ಪುಣೆಯ ಸಿಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಕೂರಿಸುತ್ತಿದ್ದರು. ಇಂದಿನ ಸಾಮಾನ್ಯ ಗಣಕದಲ್ಲಿ ಅದನ್ನು ಸಿಕ್ಕಿಸುವ ಗಾಡಿಯೇ ಇಲ್ಲ. ಅಕ್ಷರಗಳಿಗೆ ಇಸ್ಕಿ ಎಂಬ ಸಂಕೇತ ಬಳಕೆಯಲ್ಲಿತ್ತು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 179. ದೇವನಾಗರಿಯ ‘ಕ’ಕ್ಕೂ ಅದೇ ಸಂಖ್ಯೆ. ಯಾವ ಲಿಪಿ ಎಂದು ಹೇಳಬೇಕಾದದ್ದು ಬೇರೆ. ಯುನಿಕೋಡ್‌ನಲ್ಲಾದರೋ ಕನ್ನಡದ ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ. ಪರಿವರ್ತಿಸದೆ ಹಳೆಯ ಕಡತವನ್ನು ತೆರೆದರೆ, ಇಂಗ್ಲಿಷ್ ವಿಂಡೋಸ್‌ನಲ್ಲಿ 179 ಎಂಬುದು ಮೇಲಕ್ಕೆ ಬರೆದ ಪುಟ್ಟ ಮೂರಾಗಿ ಕಾಣುತ್ತದೆ. ಡಾಸ್‌ನಲ್ಲಾದರೆ ಬರಿಯ ಒಂದು ಲಂಬ ಗೆರೆ. ಕಲ್ಲಪ್ಪನೂ ಕಮಲವ್ವನೂ ಚಿಹ್ನೆಗಳ ಗೋಜಲಾಗುತ್ತಾರೆ. ಬೈಟ್‌ಗಳು ಒಂದೂ ಕಳೆದಿಲ್ಲ; ಅವುಗಳ ಅರ್ಥ ಮಾತ್ರ ಕಳೆದಿದೆ.

ಇದು ಒಂದು ಸೊಸೈಟಿಯ ಮಾತಷ್ಟೇ ಅಲ್ಲ. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ನಮ್ಮ ಬೆಳಗಾವಿ ಸೀಮೆಯಲ್ಲಿ ಉತಾರ ಎನ್ನುವುದು ಇದನ್ನೇ. 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿಯ ಬದಲು ಗಣಕದ ಪಹಣಿ ಜಾರಿಗೆ ಬಂತು. ಒಂದು ತಂತ್ರಾಂಶದ ಆಯುಷ್ಯ ಹತ್ತೋ ಹದಿನೈದೋ ವರ್ಷ. ಹೊಲದ ಹಕ್ಕು ಅಜ್ಜನಿಂದ ಮೊಮ್ಮಗನಿಗೆ ಹೋಗುವಂಥದು. ತಂತ್ರಾಂಶ ಎಷ್ಟು ಸಲ ಬದಲಾದರೂ ದಾಖಲೆ ಬದಲಾಗಬಾರದು.

ಆದ್ದರಿಂದ ಹಳೆಯ ಡೇಟಾಬೇಸ್ ಕೈಗೆ ಬಂದರೆ ಈ ಕ್ರಮವನ್ನು ನೆನಪಿಡಿ. ಮೊದಲು ನಕಲು ತೆಗೆಯಿರಿ, ಮೂಲವನ್ನು ಮುಟ್ಟಬೇಡಿ. ಯಾವ ಅಂಕಣದ ಅರ್ಥವೇನು, ಅಕ್ಷರ ಸಂಕೇತ ಯಾವುದು ಎಂದು ಹಳೆಯ ಸಿಬ್ಬಂದಿಯನ್ನು ಕೇಳಿ ಕಾಗದದ ಮೇಲೆ ಬರೆದಿಡಿ; ಅವರು ನಿವೃತ್ತರಾದ ಮೇಲೆ ಕೇಳುವುದು ಕಷ್ಟ. ವರ್ಗಾಯಿಸಿದ ನಂತರ ದಾಖಲೆಗಳ ಸಂಖ್ಯೆಯನ್ನೂ ಸಾಲದ ಒಟ್ಟು ಮೊತ್ತವನ್ನೂ ಎರಡೂ ಕಡೆ ತಾಳೆ ನೋಡಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಿ.

ಹೊಸ ಯಂತ್ರ ಕೊಳ್ಳಲು ಹಣ ಸಾಕು. ಹಳೆಯ ಲೆಕ್ಕವನ್ನು ಹೊಸ ಯಂತ್ರಕ್ಕೆ ತಪ್ಪಿಲ್ಲದೆ ದಾಟಿಸಲು ತಿಳಿವಳಿಕೆ ಬೇಕು, ತಾಳ್ಮೆ ಬೇಕು. ಆ ತಿಳಿವಳಿಕೆಯನ್ನು ನೀವು ಸಂಪಾದಿಸಿಕೊಂಡರೆ ನಿಮ್ಮೂರಿನ ಅನೇಕರ ಋಣ ತೀರಿಸಿದಂತಾಗುತ್ತದೆ.